ಅವಳ ಅಳತೆಯ ಸೈಕಲ್

“ಈ ಸೈಕಲ್ ನಿಮಗ ಕೊಡಂಗಿಲ್ರಿ.”

ಭವಾನಿಯ ಕೈ ಹ್ಯಾಂಡಲ್ ಮೇಲೆಯೇ ನಿಂತುಬಿಟ್ಟಿತು.

ಕೊಪ್ಪಳದ ಸ್ಟೇಷನ್ ರಸ್ತೆಯ ಆ ಸಣ್ಣ ಸೈಕಲ್ ಅಂಗಡಿಗೆ ಕಾಲಿಡಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಎದುರಿನ ಔಷಧಿ ಅಂಗಡಿಗೆ ಹೋಗ್ತೀನಿ ಎಂದು ಅಣ್ಣ ಪಂಪಾಪತಿಗೆ ಸುಳ್ಳು ಹೇಳಿ ಕಾರಿನಿಂದ ಇಳಿದು ಬಂದಿದ್ದಳು. ಇದ್ದದ್ದು ಹತ್ತೇ ನಿಮಿಷ. ಅಷ್ಟರಲ್ಲಿ ಈ ಮಾತು!

“ಯಾಕ್ರಿ? ಹೆಣ್ಮಗಳು ಅಂತನಾ?”

ಅಂಗಡಿಯ ರುದ್ರೇಶ ಗ್ರೀಸ್ ಹತ್ತಿದ ಕೈ ಒರೆಸಿಕೊಂಡ. “ಅಲ್ರಿ... ಇದು ಐವತ್ನಾಲ್ಕು ಸೆಂಟಿಮೀಟರಿನ ಫ್ರೇಮ್. ನಿಮಗ ಭಾಳ ದೊಡ್ಡದು.”

“ಸೀಟ್ ಇಳಿಸಿ ಕೊಡ್ರಿ.”

“ಸೀಟ್ ಇಳಿಸಬಹುದು. ಸೀಟಿನಿಂದ ಹ್ಯಾಂಡಲ್ ತನಕ ಇರೋ ದೂರ ಹ್ಯಾಂಗ ಕಮ್ಮಿ ಮಾಡ್ಲಿ? ಮೈ ಚಾಚಿಕೊಂಡು ಹೊಡಿಬೇಕಾಗ್ತೈತಿ. ಮೊದಲ ಯಾವ ಸೈಕಲ್ ಹೊಡಿತಿದ್ರಿ?”

“ನಮ್ಮಣ್ಣಂದು. ಇಷ್ಟ ದೊಡ್ಡದಿತ್ತು.”

“ಕುತ್ತಿಗಿ ನೋಯ್ತಿತ್ತು? ಅಂಗೈ ಜೋಮು ಹಿಡಿತಿತ್ತು?”

ಇವನಿಗೆ ಹೇಗೆ ಗೊತ್ತು!

“ಬ್ರೇಕಿಗೆ ಬೆರಳು ಪೂರ್ತಿ ಮುಟ್ಟತಿದ್ವೇನ್ರಿ?”

ಭವಾನಿ ತನ್ನ ಬೆರಳುಗಳನ್ನು ನೋಡಿಕೊಂಡಳು.

ಯಲಬುರ್ಗಾ ರಸ್ತೆಯ ತಿರುವು. ಅಡ್ಡ ಬಂದ ಕುರಿ ಹಿಂಡು. ಬ್ರೇಕಿನ ತುದಿಗೆ ತಾಗಿ ಜಾರಿದ ಬೆರಳುಗಳು... ಅಂದು ಮೊಣಕಾಲು ಮುರಿಯಿತು. ಗೊತ್ತಾಗಿದ್ದ ಮದುವೆ ಸಂಬಂಧವೂ ಮುರಿಯಿತು. ಅಂದಿನಿಂದ ಗಿಣಿಗೇರಾದ ಸಾಲಿ, ಕೊಪ್ಪಳದ ಮನೆ, ಅಷ್ಟೇ ಅವಳ ಲೋಕ. ಬೆಳಿಗ್ಗೆ ಅಣ್ಣನ ಕಾರು ಸಾಲಿ ಬಾಗಿಲಿಗೆ ಬಿಡುತ್ತಿತ್ತು, ಸಂಜೆ ಅದೇ ಬಾಗಿಲಿನಿಂದ ಎತ್ತಿಕೊಂಡು ಬರುತ್ತಿತ್ತು. ಕಾರಿನ ಕಿಟಕಿ ಇಳಿಸಿದರೂ, “ಧೂಳು ಬರತೈತಿ, ಏರಿಸು” ಎನ್ನುತ್ತಿದ್ದ ಪಂಪಾಪತಿ. ಇಪ್ಪತ್ತೇಳು ವರ್ಷದ ವಿಜ್ಞಾನ ಟೀಚರ್, ಬೀದಿ ಕೊನೆಯ ಕಿರಾಣಿ ಅಂಗಡಿಗೂ ಒಬ್ಬಳೇ ಹೋಗುವಂತಿರಲಿಲ್ಲ!

“ಇಲ್ಲ... ಮುಟ್ಟತಿದ್ದಿಲ್ಲ,” ಎಂದಳು.

“ಹಂಗಾದ್ರ ನೀವು ಬಿದ್ದದ್ದು ನಿಮ್ಮ ತಪ್ಪಲ್ರಿ.”

ಬಿದ್ದೆ ಎಂದು ಅವಳು ಹೇಳಿಯೇ ಇರಲಿಲ್ಲ. ಅವನೇ ತಿಳಿದುಕೊಂಡಿದ್ದ. ಮೂರು ವರ್ಷದಲ್ಲಿ ಒಬ್ಬರೂ ಆಡದ ಮಾತು ಅದು. ಕಣ್ಣು ತುಂಬಿ ಬಂತು. ಅವನು ನೋಡದವನಂತೆ ಒಳಗೆ ಕೂಗಿದ. “ಅವ್ವಾ, ಇವರ ಅಳತಿ ತಗೋ ಬಾ.”

ಅವನ ತಾಯಿ ಹುಲಗೆಮ್ಮ ಅವಳನ್ನು ಒಳಗೆ ಕರೆದೊಯ್ದು, ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿಸಿ, ಕಾಲುಗಳ ನಡುವೆ ಒಂದು ದಪ್ಪ ಪುಸ್ತಕ ಹಿಡಿಸಿದಳು.

“ಅಯ್ಯ, ಇದೇನ್ರಿ!”

“ನಾಚಬ್ಯಾಡವ್ವ. ಇಲ್ಲಿಂದ ನೆಲದ ತನಕ ಎಷ್ಟೈತಿ ಅಂತ ನೋಡೂದು. ದರ್ಜಿಗೆ ಅಳತಿ ಕೊಡಂಗಿಲ್ಲೇನು ನೀ?”

ಭವಾನಿ ನಕ್ಕಳು. ತನ್ನ ನಗು ತನ್ನ ಕಿವಿಗೇ ಹೊಸದಾಗಿ ಕೇಳಿಸಿತು.

“ನಲವತ್ತೇಳರ ಫ್ರೇಮ್ ತರಿಸ್ತೀನ್ರಿ,” ಎಂದ ರುದ್ರೇಶ. “ಮೂರು ವಾರ.”

ಹೊರಗೆ ಕಾರಿನ ಹಾರ್ನ್ ಕೂಗಿತು. ಭವಾನಿ ತನ್ನ ಫೋನ್ ನಂಬರು ಬರೆದುಕೊಟ್ಟು ಹೊರಟಳು.

ಆ ಮೂರು ವಾರ ಸಾಲಿಯ ಮಧ್ಯಾಹ್ನದ ಬಿಡುವಿನಲ್ಲಿ ರುದ್ರೇಶನ ಫೋನು ಬರುತ್ತಿತ್ತು.

“ಹ್ಯಾಂಡಲ್ ಅಗಲ ನಿಮ್ಮ ಭುಜದಷ್ಟ ಇರಲಿ. ನಮ್ಮ ರಸ್ತಿಗೆ ಸಣ್ಣ ಟೈರ್ ನಡ್ಯಂಗಿಲ್ಲ, ಸ್ವಲ್ಪ ದಪ್ಪಂದು ಹಾಕ್ತೀನಿ. ಎಲ್ಲಿಗಿ ಹೋಗಬೇಕಂತ ಆಸೆ ನಿಮಗ?”

“ಆನೆಗೊಂದಿ ಕಡಿ... ಗದ್ದಿ ನಡುವ...”

“ಅಲ್ಲಿ ಏರು ಅದಾವ. ಹಗುರ ಗೇರ್ ಬೇಕು.”

ಎಲ್ಲಿಗೆ ಹೋಗಬೇಕು ಎಂದು ತನ್ನನ್ನು ಕೇಳಿದವರು ಯಾರು? ಸೈಕಲ್ಲಿನ ಮಾತು ಯಾವಾಗ ಊಟದ ಮಾತಾಯಿತೋ, ಯಾವಾಗ ಮೌನವೂ ಹಿತವಾಯಿತೋ ಅವಳಿಗೆ ತಿಳಿಯಲಿಲ್ಲ.

ಒಂದು ಸಂಜೆ ಕಾರಿನಲ್ಲಿದ್ದಾಗಲೇ ಅವನ ಫೋನು ಬಂತು. ಪಂಪಾಪತಿ ಅದನ್ನು ಕಸಿದುಕೊಂಡ.

ಮರುದಿನ ಅಂಗಡಿಗೆ ಹೋಗಿ ಬಂದವನೇ ಹೇಳಿದ, “ನಿನ್ನ ಸೈಕಲ್ ಬ್ಯಾರೆಯವರಿಗೆ ಮಾರ್ಯಾನ. ನಿನ್ನ ಬಗ್ಗೆ ಕೇಳಿದ್ರ, ‘ಬರೀ ಗಿರಾಕಿ’ ಅಂದ. ಗಂಗಾವತಿಯವರು ಶುಕ್ರವಾರ ನಿನ್ನ ನೋಡಾಕ ಬರ್ತಾರ. ನೌಕರಿ ಬಿಡಬೇಕಂತ. ಅಪ್ಪ ಒಪ್ಪ್ಯಾನ.”

ಬರೀ ಗಿರಾಕಿ!

ಸಾಲಿಗೆ ರಜೆ ಹಾಕಿಸಿದರು. ನಾಲ್ಕು ದಿನ ಭವಾನಿ ಕಿಟಕಿಯ ಸರಳು ಹಿಡಿದು ಕೂತಳು. ಈ ಮನೆಯಿಂದ ಆ ಮನೆಗೆ... ಅಲ್ಲಿಯೂ ಇಂಥದೇ ಕಿಟಕಿ. ಅವನೂ ಕೈಬಿಟ್ಟನಲ್ಲ!

ಆದರೆ ಒಂದು ಮಾತು ಮಾತ್ರ ಸುಳ್ಳಾಗಲು ಸಾಧ್ಯವಿರಲಿಲ್ಲ. ಬ್ರೇಕಿಗೆ ಅವಳ ಬೆರಳು ಮುಟ್ಟುತ್ತಿರಲಿಲ್ಲ. ಅದು ಅವಳ ಕೈಗೇ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹೊಸ ಸೀರೆ ಮಡಿಕೆ ಬಿಚ್ಚದೆ ಪಡಸಾಲೆಗೆ ಬಂದಳು. ಅಪ್ಪ ಗವಿಸಿದ್ದಪ್ಪ ಚಹಾ ಕುಡಿಯುತ್ತಿದ್ದ.

“ಅಪ್ಪಾ, ಅವರಿಗೆ ಬರಬ್ಯಾಡ ಅಂತ ಹೇಳು.”

“ತಲಿ ಕೆಟ್ಟೈತೇನು?” ಪಂಪಾಪತಿ ಎದ್ದು ನಿಂತ. “ನಿನ್ನ ನೆಟ್ಟಗ ಇಡಾಕ ನಾ ಎಷ್ಟು...”

“ಅಣ್ಣಾ, ನಾ ಯಾಕ ಬಿದ್ನಿ ಗೊತ್ತೈತಿ?” ಅವಳು ಎರಡೂ ಅಂಗೈ ಮುಂದೆ ಚಾಚಿದಳು. “ನಿನ್ನ ಸೈಕಲ್ಲಿನ ಬ್ರೇಕಿಗೆ ಈ ಬೆರಳು ಮುಟ್ಟತಿದ್ದಿಲ್ಲ. ನನಗ ಹೊಡಿಯಾಕ ಬರ್ತಿತ್ತು. ಸೈಕಲ್ ನನ್ನದಾಗಿರಲಿಲ್ಲ, ಅಷ್ಟ!”

ಪಂಪಾಪತಿ ಆ ಸಣ್ಣ ಬೆರಳುಗಳನ್ನೇ ನೋಡಿದ. ಅವನ ಮುಖದ ಸಿಟ್ಟು ಕರಗಿ ಹೋಯಿತು. ಕುಸಿದು ಕೂತ.

“ಆ ಸೈಕಲ್ ಪ್ರೀತಿಲೆ ಕೊಟ್ಟಿದ್ನಲ್ಲ ತಂಗಿ... ಅವತ್ತು ನಿನ್ನ ಎತ್ಕೊಂಡು ಬಂದಾಗಿನಿಂದ ನನಗ ಅಂಜಿಕಿ. ಕಣ್ಣ ಮುಂದ ಇದ್ರ ಬೀಳಂಗಿಲ್ಲ ಅನ್ಕೊಂಡ್ನಿ.”

“ನಾಲ್ಕು ದಿನದಿಂದ ಉಸಿರು ಕಟ್ಟಾಕತ್ತೈತಣ್ಣಾ ನನಗ.”

ಪಂಪಾಪತಿ ತಲೆ ಎತ್ತದೆಯೇ ಅಂದ, “ಅವ ಸೈಕಲ್ ಮಾರಿಲ್ಲ. ‘ಅದು ಅವರ ಮೈಗೆ ಕೂಡಿಸಿದ್ದು, ಬ್ಯಾರೆಯವರಿಗೆ ಆಗಂಗಿಲ್ಲ’ ಅಂದ. ಸುಳ್ಳು ಹೇಳಿದ್ದು ನಾನು.”

ಗವಿಸಿದ್ದಪ್ಪ ಚಹಾದ ಕಪ್ಪು ಕೆಳಗಿಟ್ಟು, ಗಂಗಾವತಿಯ ನಂಬರು ಹುಡುಕತೊಡಗಿದ. “ಸೈಕಲ್ ಅಂಗಡಿಗಿ ಹೋಗಾಕ ಕಾರು ತಗೀಲೇನವ್ವ?” ಎಂದು ಮೆಲ್ಲಗೆ ಕೇಳಿದ.

“ಬ್ಯಾಡಪ್ಪ. ನಡಕೊಂಡು ಹೋಗ್ತೀನಿ.”

ಅಂಗಡಿಯಲ್ಲಿ ರುದ್ರೇಶ ಚೈನಿಗೆ ಎಣ್ಣೆ ಬಿಡುತ್ತಿದ್ದವನು ಅವಳನ್ನು ಕಂಡು ಹಾಗೇ ಎದ್ದುನಿಂತ.

“ಬರೀ ಗಿರಾಕಿ ಅಂದ್ರಂತ ನನ್ನ?” ಸಿಟ್ಟೋ ಅಳುವೋ, ಅವಳಿಗೇ ತಿಳಿಯಲಿಲ್ಲ.

“ಅಂದ್ನಿ. ನಿಮ್ಮಣ್ಣ ಭಾಳ ಸಿಟ್ಟಿನಾಗ ಇದ್ರು. ಮನಸ್ಸಿನಾಗಿದ್ದದ್ದು ಹೇಳಿದ್ರ, ಆ ಸಿಟ್ಟೆಲ್ಲ ನಿಮ್ಮ ಮ್ಯಾಲ ಬೀಳತಿತ್ತು.”

ಅವನು ನೀಲಿ ಸೈಕಲ್ ಹೊರಗೆ ತಂದ. ಭವಾನಿ ಹತ್ತಿದಳು. ಮೊಣಕೈ ಸಡಿಲವಾಗಿ ಬಾಗಿತು. ಬೆರಳುಗಳು ಬ್ರೇಕನ್ನು ಸುತ್ತಿ ಹಿಡಿದವು. ಸ್ಟೇಷನ್ ರಸ್ತೆಯ ಕೊನೆಯವರೆಗೂ ಹೋದಳು, ಒಬ್ಬಳೇ! ಕಿವಿಯಲ್ಲಿ ಗಾಳಿ, ಕಣ್ಣಲ್ಲಿ ನೀರು.

ತಿರುಗಿ ಬಂದಾಗ ಅವನು ನಡುರಸ್ತೆಯಲ್ಲೇ ನಿಂತಿದ್ದ.

“ಮನಸ್ಸಿನಾಗ ಏನಿತ್ರಿ?” ಒಂದು ಕಾಲು ಊರಿ ಕೇಳಿದಳು.

“ನಿಮ್ಮ ಮನಿಗೆ ಬಂದು, ನಿಮ್ಮ ಅಪ್ಪಾರನ್ನ ಕೇಳಬೇಕಂತ...”

“ಮೊದಲ ನನ್ನ ಕೇಳ್ರಿ.”

ಅವನು ಒಂದು ಹೆಜ್ಜೆ ಹತ್ತಿರ ಬಂದ. “ನನ್ನ ಜೋಡಿ ಇರ್ತೀರೇನ್ರಿ?”

“ಆ ‘ರಿ’ ತೆಗೆದು ಕೇಳ್ರಿ.”

“ಇರ್ತೀಯೇನು, ಭವಾನಿ?”

“ಇರ್ತೀನಿ,” ಎಂದಳು. “ಈಗ ಒಳಗ ಹೋಗಿ ನಿಮ್ಮವ್ವಗ ಹೇಳು.”