ಹಳೆ ಬೇರಿಂಗಿನ ಡಬ್ಬಿ

"ನನ್ನ ಗಂಡ ಕೊಲೆಗಾರ ಅಲ್ಲ ಸಾರ್. ಸಂಜೆ ಬಂದು ಎಳ್ಕೊಂಡು ಹೋಗ್ತಾರಂತೆ. ನೀವೇ ಏನಾದ್ರೂ ಮಾಡ್ಬೇಕು."

ಮೆಕ್ಯಾನಿಕ್ಕಿನ ಹೆಂಡತಿ ನಮ್ಮ ಬಾಗಿಲಲ್ಲೇ ಕುಸಿದು ಕೂತಳು. ನನ್ನ ಸೋದರಮಾವ ಎಂದೂ ಪೊಲೀಸಿನಲ್ಲಿ ಇದ್ದವರಲ್ಲ. ಆದರೂ ನಮ್ಮ ಬೀದಿಯವರು ಠಾಣೆಗಿಂತ ಮೊದಲು ಹತ್ತುತ್ತಿದ್ದದ್ದು ನಮ್ಮ ಮೆಟ್ಟಿಲನ್ನೇ. ಅವರ ಬೆನ್ನ ಹಿಂದೆ ಅಲೆಯುವ ಕೆಲಸ ನನ್ನದು. ಅದಕ್ಕೆ ಸಂಬಳವಿರಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿತ್ತು.

ಹಿಂದಿನ ದಿನ ಬೆಳಿಗ್ಗೆ ಬೇಕರಿಯ ವ್ಯಾನು ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚಿಕೊಂಡು ಹಳ್ಳಕ್ಕೆ ಉರುಳಿತ್ತು. ಓಡಿಸುತ್ತಿದ್ದ ಮಾಲೀಕನ ತಮ್ಮ ಅಲ್ಲೇ ಸತ್ತಿದ್ದ. ಅದೇ ಚಕ್ರದ ಸವೆದ ಬೇರಿಂಗನ್ನು ಅದರ ಮುನ್ನಾದಿನವಷ್ಟೇ ಬದಲಾಯಿಸಿದ್ದವನು ಈ ಮೆಕ್ಯಾನಿಕ್. ಆಕ್ಸಲಿನ ನಟ್ಟು ಸಡಿಲವಾಗದಂತೆ ತಡೆಯುವ, ಎರಡು ಕಾಲಿನ ಪಿನ್ನನ್ನು ಅವನು ಹಾಕಲು ಮರೆತಿದ್ದಾನೆಂದು ಇನ್‌ಸ್ಪೆಕ್ಟರು ತೀರ್ಮಾನಿಸಿದ್ದರು.

ಗ್ಯಾರೇಜಿನಲ್ಲಿ ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಪಿನ್ ಹಾಕಿದ್ದು ನಿಜಾನಾ?" ಎಂದರು ಮಾವ.

"ಹೊಸ ಪಿನ್ ಹಾಕಿ ಎರಡು ಕಾಲೂ ಮಡಿಸಿದೀನಿ ಸಾರ್. ಗಾಡಿ ಬಿಡೋಕೆ ಬೇಕರಿಗೆ ಹೋದಾಗ ಯಜಮಾನ್ರು ಇರಲಿಲ್ಲ, ಅಮ್ಮಾವ್ರು ಒಬ್ರೇ ಇದ್ರು. ಚಕ್ರದ ಮುಚ್ಚಳ ತೆಗೆದು ಅವರಿಗೂ ತೋರಿಸ್ದೆ. ಚಕ್ರದ ಜೀವ ಇದರಲ್ಲೇ ಇದೆ, ಇದಿಲ್ದಿದ್ರೆ ನಟ್ಟು ಬೆರಳಲ್ಲೇ ತಿರುಗಿ ಬರುತ್ತೆ ಅಂತ ಹೇಳ್ದೆ. ಮಾಡಿದ ಕೆಲಸ ತೋರಿಸ್ದೇ ಹೋದ್ರೆ ನಂಗೆ ಸಮಾಧಾನ ಇರಲ್ಲ."

"ತೆಗೆದ ಹಳೇ ಸಾಮಾನು?"

"ಹೊಸದು ಬಂದ ಡಬ್ಬೀಲೇ ಹಾಕಿ ಅವರ ಕೈಗೇ ಕೊಟ್ಟೆ. ಇಲ್ಲಾಂದ್ರೆ ಬದಲಾಯಿಸ್ದೇನೇ ಬದಲಾಯಿಸ್ದೆ ಅಂತಾನೆ ಅಂತಾರೆ. ಹಳೇ ಪಿನ್ ಮಾತ್ರ ಕತ್ತರಿಸಿ ಅದರಲ್ಲಿ ಹಾಕ್ತೀನಿ. ಯಾರಾದ್ರೂ ತಿರುಗಿ ಬಳಸಿದ್ರೆ ಕಷ್ಟ."

ಬೇಕರಿಯ ಬಾಗಿಲು ಅರ್ಧ ಮುಚ್ಚಿತ್ತು. ಮಾಲೀಕ ಜ್ವರದಲ್ಲಿ ನಡುಗುತ್ತ ಕಂಬಳಿ ಹೊದ್ದು ಕೂತಿದ್ದ. ಅವನ ಹೆಂಡತಿ ಹಿಟ್ಟು ಕಲೆಸುವ ಯಂತ್ರದ ಪಕ್ಕ ಗೋಡೆಗೊರಗಿದ್ದಳು. ಅವಳ ಮಣಿಕಟ್ಟಿನ ಮೇಲೆ ಸುಟ್ಟ ಬರೆಗಳಿದ್ದವು. ಒಲೆಯ ತಟ್ಟೆ ತಗುಲಿದರೆ ಒಂದು ಬರೆ ಬೀಳಬಹುದು, ಇಷ್ಟೊಂದು ಬೀಳುವುದಿಲ್ಲ ಎಂದುಕೊಂಡೆ.

ಮಾವ ಡಬ್ಬಿಯನ್ನು ಕೇಳಿ ತರಿಸಿ ಮೇಜಿನ ಮೇಲೆ ಸುರಿದರು. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಸವೆದ ಬೇರಿಂಗು, ಬಟ್ಟೆಯ ಮಡಿಕೆಯಲ್ಲಿ ತುಂಡಾದ ಒಂದು ಪಿನ್ನು, ಹೊರಗೆ ಇಡಿಯಾದ ಇನ್ನೊಂದು ಪಿನ್ನು ಸಿಕ್ಕಿದವು. ಆ ಇಡೀ ಪಿನ್ನಿನ ಕಾಲುಗಳು ಸೊಟ್ಟಗಿದ್ದವು. ತಲೆಯ ತೂತಿನಲ್ಲಿ ಬಿಳಿಯದೇನೋ ಒಣಗಿ ಅಂಟಿಕೊಂಡಿತ್ತು. ನನ್ನ ಕಣ್ಣಿಗೆ ಎಲ್ಲವೂ ಗುಜರಿಯೇ.

"ತಮ್ಮನ ಜೊತೆ ಹೇಗಿದ್ರಿ?" ಎಂದು ಮಾಲೀಕನನ್ನು ಕೇಳಿದರು.

"ಮುಚ್ಚಿಡೋದು ಯಾಕೆ? ನಂಗೂ ಅವನಿಗೂ ಆಗ್ತಿರಲಿಲ್ಲ. ಮನೆ ಬಿಟ್ಟು ತೊಲಗು ಅಂದಿದ್ದೆ. ಹಿಟ್ಟಿನ ಕೆಲಸ ಎಲ್ಲ ಇವಳದು, ದಿನಾ ಗಾಡಿ ತಗೊಂಡು ಹೋಗೋನು ನಾನೇ. ನಿನ್ನೆ ಜ್ವರ ನೋಡಿ ಅವನೇ ಮಹಡಿಗೆ ಬಂದು, 'ಅಣ್ಣ, ನೀನು ಮಲಗು, ನಾನು ಹೋಗ್ತೀನಿ' ಅಂದ."

ಕೊಲೆಗಾರ ಸಿಕ್ಕಿಬಿದ್ದ ಎಂದು ಮಾವನಿಗೆ ಕಣ್ಸನ್ನೆ ಮಾಡಿದೆ. ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. ಅಪಘಾತದ ಸುದ್ದಿಯನ್ನು ಬೇಕರಿಗೆ ತಂದಿದ್ದ ಪೇದೆಯನ್ನು ಕರೆದು, ಅವತ್ತು ಏನಾಯಿತೆಂದು ವಿಚಾರಿಸಿದರು.

"ವ್ಯಾನು ಪಲ್ಟಿ ಆಯ್ತು, ಓಡಿಸ್ತಿದ್ದೋರು ಹೋಗ್ಬಿಟ್ರು ಅಂದೆ ಸಾರ್. ಆಯಮ್ಮ ಪಾಪ ಕಲ್ಲಾಗ್ಬಿಟ್ರು. ಯಂತ್ರ ನಿಲ್ಸಿ, ಕೈ ತೊಳ್ಕೊಂಡು ಸುಮ್ನೆ ಕೂತ್ರು. ಯಜಮಾನ್ರು ಮಹಡಿ ಇಳಿದು ಬಂದ ಮೇಲೇನೇ ಕಿರುಚಿ ಬಿದ್ದಿದ್ದು."

ಸಂಜೆ ಬೇಕರಿಯಲ್ಲೇ ಎಲ್ಲರೂ ಸೇರಿದರು. ಮೆಕ್ಯಾನಿಕ್ ಹೆಂಡತಿಯ ಪಕ್ಕದಲ್ಲಿ ಬೆವರುತ್ತ ನಿಂತಿದ್ದ. ಇನ್‌ಸ್ಪೆಕ್ಟರು ಗಡಿಯಾರ ನೋಡುತ್ತಿದ್ದರು.

"ತುಂಡಾಗಿರೋದು ಹಳೇ ಪಿನ್," ಎಂದು ಮಾವ ಶುರುಮಾಡಿದರು. "ಹಾಗಾದ್ರೆ ಈ ಇಡೀ ಪಿನ್ ಎಲ್ಲಿಂದ ಬಂತು? ಇದು ಹೊಸದು."

"ಹಾಕೋಕೆ ಮರೆತು ಡಬ್ಬೀಲೇ ಬಿಟ್ಟಿದಾನೆ," ಎಂದರು ಇನ್‌ಸ್ಪೆಕ್ಟರು.

"ಹಾಕದ ಪಿನ್ನಿನ ಕಾಲು ನೆಟ್ಟಗಿರುತ್ತೆ. ಇದನ್ನ ಒಂದು ಸಲ ಮಡಿಸಿ, ಆಮೇಲೆ ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡೋಕೆ ನೋಡಿದಾರೆ. ಹಲ್ಲಿನ ಗುರುತು ನೋಡಿ. ಇವನು ಹಾಕಿ ಹೋದ್ಮೇಲೆ ಯಾರೋ ಕಿತ್ತಿದಾರೆ. ಗುಜರಿ ಜೊತೆ ಗುಜರಿ ಅಂತ ಡಬ್ಬಿಗೆ ಎಸೆದಿದಾರೆ. ಇವನು ಹಳೇ ಪಿನ್ ಕತ್ತರಿಸ್ತಾನೆ ಅಂತ ಅವರಿಗೆ ಗೊತ್ತಿರಲಿಲ್ಲ."

ಮಾಲೀಕ ದಡಕ್ಕನೆ ಎದ್ದ. "ನಾನು ಕಿತ್ತಿಲ್ಲ!"

"ನೀವಲ್ಲ. ತೂತಿನಲ್ಲಿ ಒಣಗಿರೋದು ಕಲೆಸಿದ ಹಿಟ್ಟು. ನೀವು ಹಿಟ್ಟು ಮುಟ್ಟೋರಲ್ಲ. ಪಿನ್ನಿನ ಮಹಿಮೆ ಕೇಳಿಸಿಕೊಂಡವರೂ ಈ ಮನೇಲಿ ಒಬ್ಬರೇ." ಮಾವ ಅವಳತ್ತ ತಿರುಗಿದರು. ಅವರ ದನಿ ಇಳಿದಿತ್ತು. "ತಾಯಿ, ಓಡಿಸ್ತಿದ್ದೋರು ಹೋದ್ರು ಅಂದಾಗ ಯಾರು ಅಂತ ನೀವು ಕೇಳಲೇ ಇಲ್ಲ. ಗಂಡ ಹೋದ ಅಂದ್ಕೊಂಡು ಕೈ ತೊಳೆದು ಕೂತ್ರಿ. ಗಂಡ ಬದುಕಿರೋದು ಕಂಡಾಗ ಕಿರುಚಿದ್ರಿ."

ಅವಳು ಬರೆಬಿದ್ದ ಮಣಿಕಟ್ಟನ್ನು ಮುಂದೆ ಚಾಚಿದಳು. "ನನ್ನ ಸುಟ್ಟಿದ್ದು ಸಹಿಸ್ಕೊಂಡೆ," ಎಂದಳು. "ಮೈದುನ ಆದ್ರೂ ಆ ಮಗೂನ ತುತ್ತಿಟ್ಟು ಸಾಕಿದೋಳು ನಾನು. ಅವನನ್ನ ಬೀದಿಗೆ ಹಾಕ್ತೀನಿ ಅಂದ್ರು. ಅದನ್ನ ಹೇಗೆ ಸಹಿಸ್ಲಿ? ಯಂತ್ರದ ಸದ್ದಲ್ಲೂ ಗಾಡಿ ಹೊರಟಿದ್ದು ಕೇಳಿಸ್ತು, ಹೊರಟಿದ್ದು ಯಾರು ಅಂತ ಎದ್ದು ನೋಡ್ಲಿಲ್ಲ."

"ನಾನೇ ಹೇಳಿಕೊಟ್ಟೆನಲ್ಲಮ್ಮ," ಎಂದು ಮೆಕ್ಯಾನಿಕ್ ಮುಖ ಮುಚ್ಚಿಕೊಂಡ. ಬಿಡುಗಡೆಯಾದ ಸಂತೋಷದ ಸುಳಿವೂ ಅವನಲ್ಲಿರಲಿಲ್ಲ. ಅವನ ಹೆಂಡತಿ ಮಾತ್ರ ಅವನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

ಇನ್‌ಸ್ಪೆಕ್ಟರು ಹೊರಡಲು ಸನ್ನೆ ಮಾಡಿದರು. ಹೊಸ್ತಿಲಲ್ಲಿ ಅವಳು ನಿಂತು ಗಂಡನನ್ನು ನೋಡಿದಳು.

"ಜ್ವರ ಬಂದಿದೆ, ಇವತ್ತು ನಾನು ಹೋಗಲ್ಲ ಅಂತ ನಂಗೆ ಒಂದು ಮಾತು ಹೇಳಬಾರದಿತ್ತೇನ್ರೀ?"

ಅವನು ಕಂಬಳಿಯನ್ನು ಎಳೆದುಕೊಂಡ.

"ನಿಂಗೆ ನಾನು ಯಾವತ್ತು ಏನು ಹೇಳಿ ಮಾಡಿದೀನಿ?" ಎಂದ.

ಅವನ ಕೆನ್ನೆಗೆ ಬಾರಿಸಬೇಕೆಂದು ನನ್ನ ಕೈ ತುರಿಸಿತು. ಮಾವ ನನ್ನ ಭುಜ ಹಿಡಿದು ಬೀದಿಗೆ ಕರೆತಂದರು.