ಅರ್ಧರ್ಧ ಖರ್ಚಿನ ಕಾರು

ನಾಲ್ಕೂ ಚಕ್ರ ಬಿಚ್ಚಿಟ್ಟ ಆ ಕೆಂಪು ಕಾರು, ನೆಂಟರ ಮನೆಯಲ್ಲಿ ಬೂಟು ಕಳಚಿ ತೂತುಬಿದ್ದ ಕಾಲುಚೀಲ ತೋರಿಸಿಕೊಂಡು ಕೂತ ಶ್ರೀಮಂತನ ಹಾಗೆ ಕಾಣುತ್ತಿತ್ತು. ಅದರ ಈ ಪಕ್ಕದಲ್ಲಿ ಹಲ್ಲಿನ ಡಾಕ್ಟರ್ ನಿಂತಿದ್ದಳು. ಆ ಪಕ್ಕದಲ್ಲಿ ಸೇತುವೆ ಕಟ್ಟುವ ಎಂಜಿನಿಯರ್. ಇಬ್ಬರ ಕಣ್ಣ ಕೆಳಗೂ ಒಂದೇ ಬಗೆಯ ಕಪ್ಪು.

"ಮುಂದಿನ ಬ್ರೇಕ್ ಪ್ಯಾಡ್ ಪೂರಾ ಖಾಲಿ," ಗ್ಯಾರೇಜಿನ ಯಜಮಾನರು ಶುರುಮಾಡಿದರು. ಅವರು ಎಂಜಿನಿಯರನ ಸೋದರಮಾವ. "ಡಿಸ್ಕ್ ಬಿರುಕು ಬಿಟ್ಟಿದೆ. ಬ್ರೇಕ್ ಆಯಿಲ್ ಕುದ್ದು ಕಪ್ಪಾಗಿದೆ. ಟೈರ್ ನೋಡಿ, ಹೋದ ತಿಂಗಳು ತಾನೇ ಹಾಕಿದ್ದು, ಬೋಳು ತಲೆ ಆಗಿದೆ."

"ಅಷ್ಟೇನಾ ಮಾವ?" ಅವಳು ಕೇಳಿದಳು. ನಿಶ್ಚಿತಾರ್ಥ ಮುರಿದ ಮೇಲೂ 'ಮಾವ' ಅನ್ನುವುದು ಅವಳ ಬಾಯಿಂದ ಹೋಗಿರಲಿಲ್ಲ.

"ಅಷ್ಟೇ ಆಗಿದ್ರೆ ನಿಮ್ಮಿಬ್ಬರನ್ನೂ ಕರೆಸ್ತಿರಲಿಲ್ಲಮ್ಮ. ಗೇರ್‌ಬಾಕ್ಸೂ ಹೋಗಿದೆ. ಅದರ ದುಡ್ಡಲ್ಲಿ ಮನೆಮಂದಿ ಕೂತು ಓಡಾಡೋ ಸಣ್ಣ ಕಾರೇ ಬರುತ್ತೆ." ಅವರು ಕೈ ಒರೆಸಿಕೊಂಡು ಗದ್ದದಿಂದಲೇ ಕಾರು ತೋರಿಸಿದರು. "ಇದನ್ನ ನಾನು ಅಳಿಯ ಅಂತ ಸುಮ್ನೆ ಕರೆಯೋದಲ್ಲ. ಎಷ್ಟು ಬಡಿಸಿದ್ರೂ ಮುಖ ಊದಿಸಿಕೊಂಡೇ ಇರುತ್ತೆ."

ಎಂಜಿನಿಯರ್ ನಗಲಿಲ್ಲ. ಅವಳ ಕಡೆ ನೋಡಿದ. ಅವಳು ನೋಡುವಷ್ಟರಲ್ಲಿ ಕಣ್ಣನ್ನು ಟೈರಿಗೆ ಇಳಿಸಿದ. ಅದು ಅವನ ಹಳೆಯ ಅಭ್ಯಾಸ. ಅವನು ನೋಡಿದ್ದನೆಂದು ಗೊತ್ತಾಗಲು ಅವಳಿಗೆ ಅವನ ಕಣ್ಣು ಸಿಗಬೇಕಾಗಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು.

ಮದುವೆಗೆಂದು ಕೂಡಿಟ್ಟ ದುಡ್ಡಿನಲ್ಲಿ ಇಬ್ಬರೂ ಸೇರಿ ಕೊಂಡ ಸೆಕೆಂಡ್ ಹ್ಯಾಂಡ್ ರೇಸ್ ಕಾರು ಅದು. ಛತ್ರದಲ್ಲಿ ಒಂದು ದಿನಕ್ಕೆ ಸುರಿಯುವ ಬದಲು ವರ್ಷವಿಡೀ ಟ್ರ್ಯಾಕಿನಲ್ಲಿ ಖುಷಿಪಡೋಣ ಅಂದುಕೊಂಡಿದ್ದರು. ಮದುವೆಯ ದಿನ ಹತ್ತಿರ ಬರುವ ಹೊತ್ತಿಗೆ ಇಬ್ಬರೂ ಕೆಲಸದಲ್ಲಿ ಹಣ್ಣಾಗಿದ್ದರು. ಅವಳು ಸಂಜೆ ಕ್ಲಿನಿಕ್ಕಿನಿಂದ ಸೊಂಟ ಹಿಡಿದುಕೊಂಡು ಬರುತ್ತಿದ್ದಳು. ಅವನು ನದಿಯಿಂದ ಸಿಮೆಂಟ್ ಧೂಳು ಹೊತ್ತು ಬರುತ್ತಿದ್ದ. ಫೋನಿನಲ್ಲಿ ಮಾತಿಗಿಂತ ಆಕಳಿಕೆಯೇ ಹೆಚ್ಚು. ಒಂದು ದಿನ ಕಿಟಕಿ ಪರದೆಯ ಬಣ್ಣಕ್ಕೆ ಶುರುವಾದ ಜಗಳದಲ್ಲಿ, "ನಮಗೆ ಸಂಸಾರ ಮಾಡೋ ತ್ರಾಣ ಇಲ್ಲ, ಬಿಟ್ಟುಬಿಡೋಣ," ಅಂದವಳು ಅವಳೇ. ಅವನು ಬೇಡ ಅನ್ನಲಿಲ್ಲ. ಆ ಹೊತ್ತಿಗೆ ಬೇಡ ಅನ್ನುವುದಕ್ಕೂ ಶಕ್ತಿ ಬೇಕಾಗಿತ್ತು.

ಉಂಗುರ ವಾಪಸ್ಸಾಯಿತು. ಕಾರನ್ನು ಮಾತ್ರ ಹಂಚುವುದು ಹೇಗೆ? ಒಂದು ಭಾನುವಾರ ಅವಳು ಓಡಿಸುವುದು, ಮುಂದಿನ ಭಾನುವಾರ ಅವನು. ರಿಪೇರಿ ಅರ್ಧರ್ಧ. ಹಾಗಾಗಿ ಪ್ಯಾಡ್ ಸವೆದಾಗಲೆಲ್ಲ ಇಬ್ಬರೂ ಈ ಗ್ಯಾರೇಜಿಗೆ ಬರುತ್ತಿದ್ದರು. ಎಣ್ಣೆಯ ಕಲೆ ಬಿದ್ದ ಬೆಂಚಿನ ಎರಡು ತುದಿಯಲ್ಲಿ ಕೂತು ಟೀ ಕುಡಿದು, "ಹೇಗಿದ್ದೀಯ," "ಇದ್ದೀನಿ," ಅಂದು ಎದ್ದುಹೋಗುತ್ತಿದ್ದರು. ಆ ಒಂದು ಲೋಟ ಟೀಗಾಗಿ ಅವಳು ಎಷ್ಟು ಜನರ ಹಲ್ಲು ಕಿತ್ತಿದ್ದಳೋ.

ಈಗ ಕಾರನ್ನು ಮಾರಿದರೆ ಬೆಂಚೂ ಇಲ್ಲ, ಟೀಯೂ ಇಲ್ಲ.

"ಮಾಡಿಸೋಣ," ಅವಳು ಅಂದಳು.

"ಹೂಂ, ಮಾಡಿಸೋಣ," ಅವನೂ ಅಂದ. ಆ 'ಹೂಂ' ಎಷ್ಟು ದಣಿದಿತ್ತೆಂದರೆ, ಅದನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಬೇಕು ಅನ್ನಿಸಿತು ಅವಳಿಗೆ.

"ನನಗೇನು, ನನ್ನ ಹೊಟ್ಟೆ ತುಂಬುತ್ತೆ," ಅಂದು ಮಾವ ಗೇರ್‌ಬಾಕ್ಸಿಗೆ ಫೋನ್ ಮಾಡಲು ಒಳಗೆ ಹೋದರು.

ಟ್ರ್ಯಾಕಿನ ಕೈಗವಸು ಕಾರಿನಲ್ಲೇ ಇದೆಯೆಂದು ನೆನಪಾಗಿ ಅವಳು ಬಾಗಿಲು ತೆಗೆದು ಒಳಗೆ ಕೂತಳು. ಪೆಡಲ್ಲಿಗೆ ಕಾಲು ಸರಿಯಾಗಿ ಸಿಕ್ಕಿತು. ಅವಳು ಗಿಡ್ಡ, ಅವನು ಬಾಗಿಲಿಗೆ ತಲೆ ತಗ್ಗಿಸಿ ಬರುವವನು. ಅವನು ಕೂರಬೇಕಾದರೆ ಸೀಟನ್ನು ಪೂರಾ ಹಿಂದೆ ತಳ್ಳಲೇಬೇಕು. ಮೊನ್ನೆ ಭಾನುವಾರ ಅವನ ಸರದಿ ಅಲ್ಲವೇ?

ಬಗ್ಗಿ ನೋಡಿದಳು. ಸೀಟು ಜಾರುವ ಕಂಬಿಯಲ್ಲಿ ಅವಳ ಹಳದಿ ಕೂದಲ ಕ್ಲಿಪ್ಪು ಸಿಕ್ಕಿಕೊಂಡಿತ್ತು. ಚಳಿ ಶುರುವಾದಾಗ ಕಳೆದುಹೋದದ್ದು, ಈಗ ಬೇಸಿಗೆ. ಸೀಟು ಒಂದು ಸಲ ಹಿಂದೆ ಸರಿದಿದ್ದರೂ ಆ ಪ್ಲಾಸ್ಟಿಕ್ ಪುಡಿಪುಡಿಯಾಗುತ್ತಿತ್ತು. ಒಂದು ಹಲ್ಲೂ ಮುರಿದಿರಲಿಲ್ಲ.

"ಇಲ್ಲಿ ಬಾ," ಅವಳು ಕರೆದಳು. "ಚಳಿಗಾಲದಿಂದ ನೀನು ಇದನ್ನ ಓಡಿಸೇ ಇಲ್ಲ."

ಅವನು ಕಿಟಕಿಯ ಹತ್ತಿರ ಬಗ್ಗಿದ. ಕ್ಲಿಪ್ಪು ನೋಡಿದ. ಕಿವಿ ಕೆಂಪಾಯಿತು.

"ಟ್ರ್ಯಾಕ್ ಚೆನ್ನಾಗಿತ್ತು, ಬಿಸಿಲು ಜಾಸ್ತಿ ಅಂತೆಲ್ಲ ಮೆಸೇಜ್ ಹಾಕ್ತಿದ್ದೆಯಲ್ಲ ನೀನು."

"ಬಿಸಿಲು ಜಾಸ್ತಿ ಇದ್ದದ್ದು ನಿಜ."

"ಮತ್ತೆ ಭಾನುವಾರ ಏನ್ ಮಾಡ್ತಿದ್ದೆ?"

"ಇಲ್ಲೇ ಕೂತು ಇದನ್ನ ಒರೆಸ್ತಿದ್ದೆ. ನಿನಗೆ ಹೇಳಬೇಡಿ ಅಂತ ಮಾವನ ಹತ್ತಿರ ಆಣೆ ಹಾಕಿಸ್ಕೊಂಡಿದ್ದೆ." ಅವನು ಬಾಗಿಲಿಗೆ ಒರಗಿದ. "ಸಾಕಾಗಿದೆ ಕಣೇ. ಹೆಲ್ಮೆಟ್ ನೋಡಿದ್ರೇ ಕುತ್ತಿಗೆ ನೋಯುತ್ತೆ. ಆದ್ರೆ ಸಾಕು ಅಂದ್ರೆ ಮಾರೋಣ ಅಂತೀಯ. ಮಾರಿದ್ರೆ ನಿನ್ನನ್ನ ನೋಡೋಕೆ ನಂಗೆ ಹಲ್ಲುನೋವೇ ಬರಬೇಕು."

"ನಾನು ಸವೆಸಿದ್ದಕ್ಕೆಲ್ಲ ನೀನು ಅರ್ಧ ಕೊಟ್ಟೆ?"

"ಕೊಟ್ಟೆ. ಒಂದೇ ಮಾತು ಕೇಳ್ತೀನಿ, ಸಿಟ್ಟಾಗಬೇಡ. ಒಬ್ಬಳೇ ಅಷ್ಟು ಪ್ಯಾಡ್ ಹೇಗೆ ತಿಂದೆ?"

ಅವಳು ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. 

"ಬೇಕಂತಲೇ ತಡವಾಗಿ ಬ್ರೇಕ್ ಒತ್ತುತ್ತಿದ್ದೆ," ಸ್ಟೀರಿಂಗಿಗೆ ಹೇಳಿದಳು. "ನಂಗೂ ಯಾವಾಗಲೋ ಸಾಕಾಗಿದೆ. ತಿರುವು ಬಂದಾಗ ಖುಷಿಯಾಗಲ್ಲ, ಸೊಂಟ ನೆನಪಾಗುತ್ತೆ. ಆದ್ರೆ ಒತ್ತಿದ್ರೆ ಸವೆಯುತ್ತೆ. ಸವೆದ್ರೆ ಮಾವ ಫೋನ್ ಮಾಡ್ತಾರೆ. ಮಾಡಿದ್ರೆ ನೀನು ಬರ್ತೀಯ."

ಅವನು ಕಾರನ್ನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಮಡಚಿಕೊಂಡು ಕೂತ. ಇಬ್ಬರೂ ಮುಂದಿನ ಗೋಡೆಯನ್ನೇ ನೋಡಿದರು. ಚಕ್ರವಿಲ್ಲದ ಕಾರಿನಲ್ಲಿ ಹೋಗುವುದಾದರೂ ಎಲ್ಲಿಗೆ.

"ಒಂದು ಫೋನ್ ಮಾಡಿ ಬಾ ಅಂದಿದ್ರೆ ಬರ್ತಿದ್ದೆ," ಅವನು ಕೊನೆಗೆ ಅಂದ. "ಫೋನ್ ಅಗ್ಗ."

"ನೀನು ಮಾಡಬಹುದಿತ್ತಲ್ಲ."

"ಬಿಟ್ಟುಬಿಡೋಣ ಅಂದವಳು ನೀನು."

"ಬೇಡ ಅನ್ನದೇ ಇದ್ದವನು ನೀನು."

"ಈಗ ಅಂತೀನಿ. ಬೇಡ."

ಅವಳು ತಲೆ ಎತ್ತಿದಳು. ಈ ಸಲ ಅವನು ಕಣ್ಣು ಇಳಿಸಲಿಲ್ಲ.

"ಆಗಿದ್ದಷ್ಟೇ ಸುಸ್ತು ಈಗಲೂ ಇದೆ ನಂಗೆ," ಅವಳು ಎಚ್ಚರಿಸಿದಳು. "ಸಂಜೆ ಬಂದ್ರೆ ಮಾತಾಡೋಕೂ ಆಗಲ್ಲ."

"ಮಾತಾಡು ಅಂದವರು ಯಾರು? ನಾನೂ ನಿದ್ದೆ ಮಾಡ್ತೀನಿ. ಒಂದೇ ಮನೇಲಿ ಮಾಡೋಣ."

ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ಒದ್ದೆಯಾಯಿತು. ಒರೆಸಿಕೊಳ್ಳಲು ಕೈಗವಸು ಬಿಟ್ಟು ಬೇರೇನೂ ಸಿಗಲಿಲ್ಲ.

ಮಾವ ಫೋನ್ ಕಿವಿಗೆ ಹಿಡಿದುಕೊಂಡೇ ಹೊರಗೆ ಬಂದರು. "ಏನಪ್ಪಾ, ಗೇರ್‌ಬಾಕ್ಸ್ ಹೇಳಿಬಿಡ್ಲಾ?"

"ಬೇಡ ಮಾವ," ಇಬ್ಬರೂ ಒಟ್ಟಿಗೇ ಅಂದರು. "ಇರೋ ಹಾಗೇ ಮಾರಿಬಿಡಿ," ಅವಳು ಸೇರಿಸಿದಳು.

ಮಾವ ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿದರು. ಫೋನಿನವನಿಗೆ, "ಆಮೇಲೆ ಮಾಡ್ತೀನಿ," ಅಂದು ಟೀ ಮಾಡಲು ಒಳಗೆ ಹೋದರು.

ಟೀ ತಂದಾಗ ಇಬ್ಬರೂ ಬೆಂಚಿಗೆ ಬಂದಿದ್ದರು. ಒಂದೇ ತುದಿಯಲ್ಲಿ ಕೂತಿದ್ದರು. ಅವಳ ತಲೆ ಅವನ ಭುಜದ ಮೇಲೆ, ಅವನ ತಲೆ ಗೋಡೆಗೆ, ಬಾಯಿ ಅರೆ ತೆರೆದು. ಹಾಡುಹಗಲಿನಲ್ಲಿ ಇಬ್ಬರೂ ಗಾಢ ನಿದ್ದೆಯಲ್ಲಿದ್ದರು. ಹಳದಿ ಕ್ಲಿಪ್ಪು ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು.

ಮಾವ ಎರಡೂ ಲೋಟಕ್ಕೆ ತಟ್ಟೆ ಮುಚ್ಚಿಟ್ಟರು. ರೇಡಿಯೋ ಆರಿಸಿದರು. ಆಮೇಲೆ ಕಾರಿನ ಹತ್ತಿರ ಹೋಗಿ, ಸಪ್ಪಳವಾಗದಂತೆ ಅದರ ಮೇಲೆ ಬಟ್ಟೆ ಹೊದಿಸಿದರು.

"ನಿನ್ನ ಉಪಚಾರ ಸಾಕಪ್ಪ ಅಳಿಯ," ಅದಕ್ಕೆ ಪಿಸುಗುಟ್ಟಿದರು. "ಇನ್ನು ಮನೆಗೆ ಸೊಸೆ ಬರ್ತಾಳೆ."