ನಿನಾದ್ ದಾದಾ ಕೂತ ಟೇಬಲ್

“ಅಣ್ಣಾರ, ಇನ್ನೊಮ್ಮೆ ಹೇಳ್ರಿ. ಈ ಸಲ ನಗಬ್ಯಾಡ್ರಿ. ಸತ್ತವರ ಮಾತದ,” ಎಂದು ಸ್ವಪ್ನಿಲ್ ಮೊಬೈಲನ್ನು ಎತ್ತಿ ಹಿಡಿದ. ಊರ ಸುದ್ದಿಗಳ ವಿಡಿಯೋ ಮಾಡಲು ಅವನು ನಿಗಡಿಯಿಂದ ಬಂದಿದ್ದ.

ಮರಾಠಿ ಸೀಮೆಯ ಕಾತ್ರಜದ ಆ ಹೋಟೆಲಿನ ಮಾಲೀಕ ಹರಿಶ್ಚಂದ್ರ ಕಾಲರ್ ಸರಿಮಾಡಿಕೊಂಡರು. ಅವರ ಮಗಳು, ಐದನೇ ಕ್ಲಾಸಿನ ಯಶ್ಮಿತಾ, ಶಾಲೆಯ ಬ್ಯಾಗನ್ನೂ ಇಳಿಸದೆ ನಿಂತಿದ್ದಳು.

ಗೋಡೆಯ ಮೇಲೆ ದೇವರ ಪಟದ ಪಕ್ಕ ಹೊಸ ಫೋಟೊ ಬಂದಿತ್ತು. ಅದು ಹಾಡುಗಾರ ನಿನಾದನದು. ಮಕ್ಕಳೆಲ್ಲ ಅವನನ್ನು ನಿನಾದ್ ದಾದಾ, ಅಂದರೆ ನಿನಾದಣ್ಣ, ಎನ್ನುತ್ತಿದ್ದರು. ಹೋದ ಮಂಗಳವಾರ ಅವನು ತೀರಿಕೊಂಡಿದ್ದ. ಅವತ್ತು ಯಶ್ಮಿತಾ ಊಟ ಮಾಡಿರಲಿಲ್ಲ.

“ನಿನಾದ್ ನಮ್ಮ ಮನೆ ಹುಡುಗನ ಹಾಗೆ,” ಎಂದು ಅಪ್ಪ ಶುರುಮಾಡಿದರು. “ವಾರಕ್ಕೊಮ್ಮೆ ಬರ್ತಿದ್ದ. ಇದೇ ಟೇಬಲ್. ನೀರುದೋಸೆ ಅಂದ್ರೆ ಪ್ರಾಣ ಅವನಿಗೆ.”

ಅಪ್ಪನಿಗೆ ಮರೆತುಹೋಗಿರಬೇಕು ಎಂದುಕೊಂಡಳು ಯಶ್ಮಿತಾ. ಅವನು ಬಂದದ್ದು ಒಂದೇ ಸಲ.

ಅದು ಎರಡು ವರ್ಷದ ಹಿಂದಿನ ಒಂದು ಭಾನುವಾರ. ಬಾಗಿಲಲ್ಲಿ ಜನ ಕಾಯುತ್ತಿದ್ದರು. ಟೋಪಿ ಹಾಕಿದವನೊಬ್ಬ ಕೆಮ್ಮುತ್ತ ಕೂತು ಬರೀ ಬಿಸಿನೀರು ಕೇಳಿದ್ದ. ತಂದುಕೊಟ್ಟವಳು ಯಶ್ಮಿತಾ. ಆಗ ಗುರುತು ಹಿಡಿದವಳೂ ಅವಳೊಬ್ಬಳೇ. ಅವನು ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡ ಎಂದು ಸನ್ನೆ ಮಾಡಿದ್ದ.

ಅಷ್ಟರಲ್ಲಿ ಅಪ್ಪ ಬಂದು ಮರಾಠಿಯಲ್ಲಿ ಗದರಿದ್ದರು. ನೀರು ಕುಡಿಯುವುದಕ್ಕೆ ಟೇಬಲ್ ಬೇಕೇ, ಎದ್ದೇಳಿ ಎಂದಿದ್ದರು. ಅವನು ಲೋಟ ಹಿಡಿದೇ ಹೊರಗೆ ಹೋದ.

ಲೋಟ ತರಲು ಹೋದ ಯಶ್ಮಿತಾಳಿಗೆ ಅವನು ಬಿಸಿಲಲ್ಲಿ ನಿಂತೇ ಎರಡು ಸಾಲು ಗುನುಗಿ ಕೇಳಿಸಿದ. ಹೊಸ ಹಾಡು, ಹೇಗಿದೆ ಎಂದು ಕೇಳಿದ. ಕೊನೆ ಬೇಗ ಮುಗಿದುಹೋಯಿತು ಎಂದಳು ಅವಳು. ಅವನು ನಕ್ಕ, ಕೆಮ್ಮಿದ, ಹೋದ. ಆಮೇಲೆ ಗಿರಾಕಿಯೊಬ್ಬ ಹೇಳಿದಾಗಲೇ ಅಪ್ಪನಿಗೆ ಅವನು ಯಾರೆಂದು ಗೊತ್ತಾದದ್ದು.

ನಾಲ್ಕು ತಿಂಗಳ ಮೇಲೆ ಆ ಹಾಡು ಬಂತು. ಕೊನೆಯ ಸಾಲು ಉದ್ದಕ್ಕೆ, ಇನ್ನೂ ಉದ್ದಕ್ಕೆ ಹೋಗುತ್ತಿತ್ತು. ಅಮ್ಮನ ಫೋನನ್ನು ಕಿವಿಗೊತ್ತಿಕೊಂಡು ಅವಳು ಅದೊಂದು ಸಾಲನ್ನು ಎಷ್ಟು ಸಲ ಕೇಳಿದ್ದಳೋ. ತಾನು ಅವನಿಗೆ ಅಂದಿದ್ದ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ.

“ಮಗಳು ಏನಾರ ಹೇಳ್ತಾಳೇನ್ರಿ?” ಎಂದ ಸ್ವಪ್ನಿಲ್. “ಸಣ್ಣವರು ಮಾತಾಡಿದ್ರ ಮಂದಿ ಭಾಳ ನೋಡ್ತಾರ.”

“ಹೇಳ್ತಾಳೆ. ಬಾ ಮಗಳೇ,” ಎಂದು ಅಪ್ಪ ಅವಳ ಭುಜ ಹಿಡಿದು ಮುಂದೆ ತಂದರು. “ಹೊರಗೆ ನಿನ್ನ ಹತ್ರ ಎಂತದೋ ಹಾಡಿದ್ನಲ್ಲ, ಅದನ್ನು ಹೇಳು.”

ಅಪ್ಪ ನೋಡಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ.

ಮೊಬೈಲ್ ಅವಳ ಮುಖದ ಕಡೆ ತಿರುಗಿತು. ಈಗ ಹೇಳಿದರೆ ಆ ಎರಡು ಸಾಲು ಹೋಗಿ ಅಪ್ಪನ ನೀರುದೋಸೆಯ ಕಥೆಯ ಪಕ್ಕದಲ್ಲಿ ಕೂರುತ್ತವೆ. ಆಮೇಲೆ ಎಲ್ಲವೂ ಒಂದೇ.

“ನಾನು ಅವರನ್ನು ನೋಡಲೇ ಇಲ್ಲ. ಅವತ್ತು ನನಗೆ ಶಾಲೆ ಇತ್ತು,” ಎಂದಳು.

“ಅವತ್ತು ಅಂದ್ರ ಯಾವತ್ತು? ವಾರಕ್ಕೊಮ್ಮೆ ಬರ್ತಿದ್ರು ಅಂದ್ರಲ್ಲ ನಿಮ್ಮಪ್ಪಾರು.”

“ಅವರು ಬಂದಾಗೆಲ್ಲ ನನಗೆ ಶಾಲೆ ಇತ್ತು.”

ಸ್ವಪ್ನಿಲ್ ನಕ್ಕುಬಿಟ್ಟ. “ಹೋಗ್ಲಿ ಬಿಡ್ರಿ ಅಣ್ಣಾರ. ಹುಡುಗಿ ನಾಚ್ತದ. ನಿಮ್ಮದಷ್ಟೇ ಸಾಕು.” ಮೊಬೈಲನ್ನು ಕಿಸೆಗೆ ಹಾಕಿಕೊಂಡು ಬೈಕ್ ಹತ್ತಿದ.

ಅಪ್ಪ ಅಲ್ಲೇ ನಿಂತಿದ್ದರು. ಅವಳ ಮುಖ ನೋಡಲಿಲ್ಲ. ಟೇಬಲಿನ ಅಂಚನ್ನು ಉಗುರಿನಿಂದ ಕೆರೆಯುತ್ತ ತಗ್ಗಿದ ದನಿಯಲ್ಲಿ ಕೇಳಿದರು.

“ಭಾನುವಾರ ಶಾಲೆ ಇರ್ತದಾ?”

“ಇಲ್ಲ, ಪಪ್ಪ,” ಎಂದಳು ಯಶ್ಮಿತಾ.

ಹಾಗಾದರೆ ಅಪ್ಪನಿಗೆ ಯಾವುದೂ ಮರೆತಿರಲಿಲ್ಲ.